ದೀಪ ಹಚ್ಚಿದ ಮೇಲಿನ ತಾರೀಖು

ಧಾರವಾಡದ ನನ್ನ ಹಳೆಯ ಸಹೋದ್ಯೋಗಿ ಮರಾಠಾ ಸರದಾರರ ದಂಡಯಾತ್ರೆಗಳ ಕುರಿತು ಬರೆದ ಪುಸ್ತಕ ಮರುದಿನ ಬೆಳಿಗ್ಗೆ ಅಚ್ಚಿಗೆ ಹೋಗುವುದಿತ್ತು. ನಿವೃತ್ತನಾಗಿ ಕೊಲ್ಲಿ ನಾಡಿನ ಅಹ್ಮದಿ ಎಂಬ ಊರಿನಲ್ಲಿ ಮಗಳ ಮನೆಯಲ್ಲಿದ್ದ ನನಗೆ ಅದರ ತಾರೀಖುಗಳ ಪರಿಶೀಲನೆಯನ್ನು ಒಪ್ಪಿಸಿದ್ದರು. ಉಳಿದಿದ್ದುದು ಕೊನೆಯ ಅಧ್ಯಾಯ. ಇಡೀ ಪುಸ್ತಕ ನಿಂತಿದ್ದುದೂ ಅದರ ಮೇಲೆಯೇ.

ಹಿರಿಯ ಸರದಾರನೊಬ್ಬ ನದಿಯ ಈಚೆ ಕಾದಿ ಮಡಿದ. ದರಬಾರಿನಲ್ಲಿ ಅವನ ಸ್ಥಾನಕ್ಕೆ ಕಣ್ಣಿಟ್ಟಿದ್ದ ಕಿರಿಯ ಸರದಾರ ನೆರವಿಗೆ ಹೊರಟವನು, ಬೇಕೆಂದೇ ಆಚೆ ದಡದಲ್ಲಿ ತಂಗಿ ಮರುದಿನ ದಾಟಿದ. ಇದು ದ್ರೋಹ ಎಂಬುದು ಪುಸ್ತಕ ಬರೆದ ಗೆಳೆಯರ ತೀರ್ಮಾನ. ಆಧಾರ, ದೀಪ ಹಚ್ಚಿದ ಮೇಲೆ ನದಿ ದಾಟಿದೆವೆಂದು ಕಿರಿಯ ಸರದಾರನ ದಂಡಿನ ಛಾವಣಿಯಿಂದ ಹೋದ ವರದಿ. ಅದರ ಮೇಲಿದ್ದ ಹಿಜರಿ, ಅಂದರೆ ಮುಸ್ಲಿಂ ಪಂಚಾಂಗದ, ತಾರೀಖು ಕಾಳಗದ ಮರುದಿನದ್ದು.

ಅಂದು ಸಂಜೆ ಕೆಳಗಿನ ಮನೆಯ ಮಂಗಳೂರಿನ ಬ್ಯಾರಿ ನೆರೆಯವರೊಬ್ಬರು ಖರ್ಜೂರದ ಡಬ್ಬಿ ಹಿಡಿದು ಬಂದರು. ಚಂದ್ರದರ್ಶನವಾಗಿತ್ತು. ಉಪವಾಸ ನಾಳೆಯಿಂದಲ್ಲವೇ ಎಂದು ಮಗಳು ಕೇಳಿದಳು.

"ಉಪವಾಸ ನಾಳೆ ಮಾರಾಯ್ರೆ. ರಂಜಾನ್ ಒಂದು ಈಗ್ಲೇ ಶುರುವಾಯ್ತಲ್ಲ," ಎಂದು ಅವರು ನಮಾಜಿಗೆ ಹೊರಟರು.

ಹಿಜರಿ ದಿನ ಸೂರ್ಯಾಸ್ತಕ್ಕೇ ಹುಟ್ಟುವುದು ನನಗೂ ಧಾರವಾಡದ ಗೆಳೆಯರಿಗೂ ಗೊತ್ತಿದ್ದ ಸಂಗತಿ. ಆದರೆ ಹಿಜರಿ ತಾರೀಖನ್ನು ಇಂಗ್ಲಿಷ್ ತಾರೀಖಿಗೆ ತಿರುಗಿಸುವ ಕೋಷ್ಟಕ ಆ ದಿನದ ಹಗಲನ್ನಷ್ಟೇ ಹೇಳುತ್ತದೆ; ಅವರು ಕೋಷ್ಟಕ ತೋರಿಸಿದ ದಿನವನ್ನೇ ಬರೆದಿದ್ದರು. ದೀಪ ಹಚ್ಚಿದ ಮೇಲಿನ ಆ ತಾರೀಖು ಕಾಳಗದ ದಿನದ ಸಂಜೆಯದೇ ಆಗಬೇಕು. ಬೆಳಗಿನಿಂದ ದಿನ ಎಣಿಸುವ ಎದುರು ಪಾಳೆಯದ ವರದಿ ತೆಗೆದು ನೋಡಿದೆ. ಕತ್ತಲಾದಾಗ ಆಚೆಯಿಂದ ಹೊಸ ಪಡೆ ಇಳಿಯಿತೆಂದು, ಕಾಳಗದ ದಿನದ ಕೆಳಗೇ ದಾಖಲಾಗಿತ್ತು. 

ಧಾರವಾಡಕ್ಕೆ ಫೋನ್ ಮಾಡಿದೆ. ಅವರು ಊಟಕ್ಕೆ ಕುಳಿತಿದ್ದರು. ಎಲ್ಲವನ್ನೂ ಹೇಳಿ ಮುಗಿಸಿದೆ.

"ಒಂದು ವಾರ ಕರಡು ಇಟ್ಕೊಂಡು ಈಗ ಹೇಳ್ತೀರೇನ್ರೀ? ನೀವೂ ಆ ಸರದಾರನಂಗ ಆಚೀ ದಂಡ್ಯಾಗ ಕುಂತು ನಾ ಮುಳಗೋದ ಕಾಯಾಕತ್ತಿದ್ರೇನು?"

ಇತಿಹಾಸ ವಿಭಾಗದ ಮುಖ್ಯಸ್ಥನ ಹುದ್ದೆ ಅವರನ್ನು ಬಿಟ್ಟು ನನಗೆ ಸಿಕ್ಕಿದ ವರ್ಷದಿಂದ ಅವರ ಮನಸ್ಸಿನಲ್ಲಿದ್ದ ಮಾತು ಅದು.

"ಅವನು ಕಾಯಲಿಲ್ಲ," ಎಂದೆ. "ಅದನ್ನು ಹೇಳೋದಕ್ಕೇ ಫೋನ್ ಮಾಡಿದ್ದು."

ಅವರು ಫೋನಿಟ್ಟರು. ಮರುದಿನವಿಡೀ ಕರೆ ಬರಲಿಲ್ಲ, ನಾನೂ ಮಾಡಲಿಲ್ಲ.

ಕೆಲವು ತಿಂಗಳ ಮೇಲೆ, ಅಚ್ಚಾದ ಪುಸ್ತಕವನ್ನು ರಜೆಗೆ ಊರಿಗೆ ಹೋಗಿದ್ದ ಅಳಿಯ ತಂದ. ಕೊನೆಯ ಅಧ್ಯಾಯದಲ್ಲಿ ಕಿರಿಯ ಸರದಾರ ಅದೇ ಸಂಜೆ ನದಿ ದಾಟುತ್ತಾನೆ, ಶವ ಹುಡುಕಿಸುತ್ತಾನೆ. ದ್ರೋಹವೆಂಬ ಶಬ್ದ ಎಲ್ಲಿಯೂ ಇಲ್ಲ. ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರೂ ಇರಲಿಲ್ಲ. ಅಚ್ಚಾದ ಆ ತಾರೀಖನ್ನು, ಒಂದು ಸಂಜೆ ಹಿಂದಕ್ಕೆ ಎಣಿಸಿ, ಮತ್ತೊಮ್ಮೆ ಕೋಷ್ಟಕದೊಡನೆ ತಾಳೆ ನೋಡಿದೆ. ಸರಿಯಾಗಿತ್ತು.