ಏರಿದ ಅಂಕಗಳನ್ನು ಇಳಿಸಿದವರು

ಬಿಸಿನೆಸ್ ಸ್ಕೂಲಿನ ಪ್ರವೇಶ ಪರೀಕ್ಷೆಗೆ ವರ್ಷವರ್ಷವೂ ಸಾವಿರಾರು ಮಂದಿ ಕೂರುತ್ತಾರೆ. ಆದರೆ ಆ ಪರೀಕ್ಷೆಯ ಅಂಕವೆಂದರೆ ಏನು, ಅದು ಯಾಕೆ ಏರುತ್ತದೆ, ಯಾಕೆ ಇಳಿಯುತ್ತದೆ ಎಂಬುದನ್ನು ಬಲ್ಲವರು ಬೆರಳೆಣಿಕೆಯಷ್ಟು. ಅವರಲ್ಲಿ ಮೊದಲಿಗರು ಯಾರೆಂದು ನಮ್ಮ ಕ್ಷೇತ್ರದಲ್ಲಿ ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: ಮೂವತ್ತೊಂದು ವರ್ಷ ನಮ್ಮ ಪರೀಕ್ಷಾ ವಿಭಾಗವನ್ನು ನಡೆಸಿ ಈಗ ನಿವೃತ್ತರಾಗುತ್ತಿರುವ ನಮ್ಮ ಮೇಡಂ. ವಿದ್ಯಾರ್ಥಿಗಳು ಅವರಿಗೆ ಬೆನ್ನ ಹಿಂದೆ ಇಟ್ಟ ಹೆಸರು 'ಅಳತೆಗೋಲು'. ಅದು ಅವರ ಕಿವಿಗೂ ಬಿದ್ದಿದೆ, ಅವರಿಗೆ ಇಷ್ಟವೂ ಆಗಿದೆ.

ಅವರ ಕೆಲಸವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಪ್ರಶ್ನೆಪತ್ರಿಕೆ ಪ್ರತಿವರ್ಷ ಹೊಸದು. ಒಮ್ಮೆ ಕಷ್ಟ, ಒಮ್ಮೆ ಸುಲಭ. ಹೀಗಿರುವಾಗ ಹೋದ ವರ್ಷದ ಆರುನೂರೂ ಈ ವರ್ಷದ ಆರುನೂರೂ ಒಂದೇ ಎಂದು ಹೇಗೆ ಹೇಳುವುದು? ಅದಕ್ಕಾಗಿ ಮೇಡಂ ಪ್ರತಿ ಪತ್ರಿಕೆಯಲ್ಲೂ ಅವೇ ಇಪ್ಪತ್ತು ಹಳೆಯ ಪ್ರಶ್ನೆಗಳನ್ನು ಗುಟ್ಟಾಗಿ ಸೇರಿಸುತ್ತಿದ್ದರು. ವಿಭಾಗದಲ್ಲಿ ಅವುಗಳಿಗೆ 'ಅಜ್ಜಿಯರು' ಎಂದೇ ಹೆಸರು. ಅಜ್ಜಿಯರನ್ನು ಹೆಚ್ಚು ಜನ ಬಿಡಿಸಿದರೆ ಆ ವರ್ಷದವರು ಜಾಣರೆಂದು ಲೆಕ್ಕ, ಎಲ್ಲರ ಅಂಕವೂ ಒಂದಿಷ್ಟು ಮೇಲೇರುತ್ತಿತ್ತು. ಕಡಿಮೆ ಜನ ಬಿಡಿಸಿದರೆ ಇಳಿಯುತ್ತಿತ್ತು. ಒಬ್ಬೊಬ್ಬ ಅಜ್ಜಿಗೂ ಒಂದೊಂದು ರಟ್ಟಿನ ಕಾರ್ಡು. ಯಾವ ವರ್ಷ ನೂರಕ್ಕೆ ಎಷ್ಟು ಜನ ಯಾವ ಉತ್ತರ ಆರಿಸಿದರೆಂಬುದನ್ನು, ಕಂಪ್ಯೂಟರ್ ಬಂದ ಮೇಲೂ, ಮೇಡಂ ಕೈಯಾರೆ ಬರೆದಿಡುತ್ತಿದ್ದರು. ಗಡಿಯಾರ ರಿಪೇರಿ ಮಾಡುವ ಅವರ ಯಜಮಾನರು, "ನಾನು ಗಂಟೆ ಸರಿ ಮಾಡ್ತೀನಿ, ಇವಳು ವರ್ಷ ಸರಿ ಮಾಡ್ತಾಳೆ" ಎಂದು ನಗುತ್ತಿದ್ದರು.

ಹತ್ತೊಂಬತ್ತು ವರ್ಷದ ಹಿಂದೆ ಆರುನೂರ ನಲವತ್ತೆರಡು ಅಂಕ ಹಿಡಿದುಕೊಂಡು ನಾನು ಇಲ್ಲಿಗೆ ವಿದ್ಯಾರ್ಥಿಯಾಗಿ ಬಂದೆ. ಆ ಸಂಖ್ಯೆಯನ್ನು ಅಮ್ಮ ಇಡೀ ಬೀದಿಗೆ ಸಾರಿದ್ದಳು. ಮಧ್ಯಾಹ್ನದ ಹೊತ್ತು ಮೇಡಂ ವಿಭಾಗದಲ್ಲಿ ಸಹಾಯಕನ ಕೆಲಸವೂ ಸಿಕ್ಕಿತು. ನಾನು ತರಗತಿಯಿಂದ ಊಟವಿಲ್ಲದೆ ಓಡಿ ಬರುವುದನ್ನು ಮೂರೇ ದಿನದಲ್ಲಿ ಗಮನಿಸಿದ ಅವರು ತಮ್ಮ ಡಬ್ಬಿಯ ಅರ್ಧವನ್ನು ನನ್ನ ಕಡೆ ತಳ್ಳಿದರು. ಎರಡು ವರ್ಷ ಆ ಅರ್ಧ ಡಬ್ಬಿ ತಪ್ಪಲಿಲ್ಲ.

ಆಗ ಸ್ಕೂಲಿನಲ್ಲಿ ಸಂಭ್ರಮವೋ ಸಂಭ್ರಮ. ನಾಲ್ಕು ವರ್ಷಗಳಲ್ಲಿ ಸರಾಸರಿ ಅಂಕ ಐನೂರ ನಲವತ್ತರಿಂದ ಐನೂರ ಎಪ್ಪತ್ತೊಂದಕ್ಕೆ ಜಿಗಿದಿತ್ತು. ನಿರ್ದೇಶಕರು ಅದನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದರು. ಮೇಡಂ ಒಬ್ಬರಿಗೇ ಸಮಾಧಾನವಿಲ್ಲ. "ನಾಲ್ಕೇ ವರ್ಷದಲ್ಲಿ ಎಲ್ಲರೂ ಇಷ್ಟು ಜಾಣರಾಗೋಕೆ ಅದೇನಾಯ್ತಪ್ಪಾ?" ಎಂದು ತಮಗೆ ತಾವೇ ಗೊಣಗಿಕೊಳ್ಳುತ್ತಿದ್ದರು. ಅವರ ಚಿಂತೆಗೆ ಕಾರಣವಿತ್ತು. ಒಮ್ಮೆ ಪಡೆದ ಅಂಕ ಐದು ವರ್ಷ ಚಾಲ್ತಿಯಲ್ಲಿರುತ್ತಿತ್ತು. ಪರೀಕ್ಷೆ ಬರೆದು, ಕೆಲವು ವರ್ಷ ದುಡಿದು, ಅನುಭವ ಪಡೆದು ಅರ್ಜಿ ಹಾಕುವ ನರ್ಸುಗಳು, ಗೋದಾಮಿನ ಮೇಲ್ವಿಚಾರಕರು, ಮೆಕ್ಯಾನಿಕ್‌ಗಳು ತಮ್ಮ ಹಳೆಯ ಅಂಕದೊಂದಿಗೆ ಬರುತ್ತಿದ್ದರು, ಏರಿದ ಹೊಸ ಅಂಕಗಳೆದುರು ಸೋತು ಹಿಂದಿರುಗುತ್ತಿದ್ದರು.

ಒಂದು ಮಧ್ಯಾಹ್ನ ಮೇಡಂ ಇಪ್ಪತ್ತೂ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿದರು. ಹತ್ತೊಂಬತ್ತು ಅಜ್ಜಿಯರಲ್ಲಿ ಸರಿ ಉತ್ತರ ಏರುತ್ತಾ ಬಂದಿತ್ತು. ಹದಿನಾಲ್ಕನೆಯದರಲ್ಲಿ ಮಾತ್ರ ಏರಿದ್ದು ತಪ್ಪು ಉತ್ತರ. ಸೋರುವ ತೊಟ್ಟಿಯೊಂದು ತುಂಬಲು ಎಷ್ಟು ಹೊತ್ತು ಬೇಕೆಂಬ ಲೆಕ್ಕ ಅದು. ಸರಿ ಉತ್ತರ 'ಬಿ'. ಮೊದಲೆಲ್ಲ ನೂರಕ್ಕೆ ಆರು ಜನ 'ಸಿ' ಎನ್ನುತ್ತಿದ್ದರು, ಈಗ ನಲವತ್ತೊಂದು ಜನ. "ಲೆಕ್ಕ ಮಾಡಿದವರು ಇಷ್ಟೊಂದು ಜನ ಒಟ್ಟಿಗೆ 'ಸಿ'ಗೆ ಹೋಗಲ್ಲ" ಎಂದರು ಮೇಡಂ. "ಇದನ್ನ ಯಾರೋ ಬಾಯಿಪಾಠ ಮಾಡಿಸಿದಾರೆ. ಅವರ ಹತ್ರ ಇರೋ ಉತ್ತರ ತಪ್ಪಿದೆ."

ಆ ತೊಟ್ಟಿಯನ್ನು ನಾನು ನೋಡಿದ್ದೆ. ಕೋಚಿಂಗ್ ಸೆಂಟರಿನಲ್ಲಿ ಕೊಟ್ಟ ಜೆರಾಕ್ಸ್ ಪುಸ್ತಕದಲ್ಲಿ ಅದರ ಮುಂದೆ 'ಸಿ' ಎಂದೇ ಇತ್ತು. ಅಭ್ಯಾಸದ ಪ್ರಶ್ನೆಯೆಂದು ಉರು ಹೊಡೆದಿದ್ದೆ, ಪರೀಕ್ಷೆಯಲ್ಲಿ ಅದೇ ಕಂಡಾಗ ಲೆಕ್ಕ ಮಾಡದೆ ಗುರುತು ಹಾಕಿದ್ದೆ. ಹೇಳಿದರೆ ಸೀಟು ಹೋಗುತ್ತದೆ, ಅಮ್ಮನಿಗೆ ಏನೆಂದು ಮುಖ ತೋರಿಸಲಿ? ಒಂದು ಗಂಟೆ ಒದ್ದಾಡಿ, ಕೊನೆಗೆ ಹೇಳಿಯೇಬಿಟ್ಟೆ.

ಮೇಡಂ ಬೈಯಲಿಲ್ಲ. ಬಿಳಿ ಹಾಳೆಯೊಂದನ್ನು ಮುಂದಿಟ್ಟು, "ಮೊದಲು ಆ ತೊಟ್ಟಿ ಲೆಕ್ಕ ಮಾಡು" ಎಂದರು. ಮಾಡಿದೆ. 'ಬಿ' ಬಂತು. "ಬರುತ್ತಲ್ಲೋ ನಿನಗೆ! ಮತ್ತೆ ಯಾಕೆ ಹಾಗೆ ಮಾಡಿದೆ?" ಎಂದರು. ಮರುದಿನ ಆ ಪುಸ್ತಕ ತಂದುಕೊಟ್ಟೆ. ಅದರಲ್ಲಿ ಇಪ್ಪತ್ತು ಅಜ್ಜಿಯರೂ ಸಾಲಾಗಿ ಕೂತಿದ್ದರು.

ಪ್ರವೇಶ ಸಮಿತಿಯ ಸಭೆಯಲ್ಲಿ ಕೋಚಿಂಗ್ ಸೆಂಟರಿನ ಮೇಲೆ ಎಲ್ಲವನ್ನೂ ಹೊರಿಸಿ ಅವರು ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. "ಅವೇ ಪ್ರಶ್ನೆಗಳನ್ನ ಒಂಬತ್ತು ವರ್ಷ ಇಟ್ಕೊಂಡಿದ್ದು ನಾನು. ಬರೆದು ಬಂದವರನ್ನ ಕೇಳಿ ಕೇಳಿ ಅವರು ಕೂಡಿಸಿಕೊಂಡ್ರು. ಬದಲಾಯಿಸಬೇಕಿತ್ತು, ಮೋಹ ಬಿಡಲಿಲ್ಲ. ತಪ್ಪು ನನ್ನದು. ಈ ನಾಲ್ಕು ವರ್ಷದ ಅಂಕ ಇಳಿಸಲೇಬೇಕು" ಎಂದು ರಾಜೀನಾಮೆಯ ಪತ್ರವನ್ನು ಮೇಜಿನ ಮೇಲಿಟ್ಟರು. "ಕೊಟ್ಟ ಅಂಕ ಇಳಿಸಿದ ಸ್ಕೂಲು ಎಲ್ಲಾದ್ರೂ ಇದೆಯಾ ಮೇಡಂ? ನಮ್ಮ ಮರ್ಯಾದೆ ಗತಿಯೇನು?" ಎಂದರು ನಿರ್ದೇಶಕರು. ಪುಸ್ತಕ ಕೊಟ್ಟವರು ಯಾರೆಂದು ಇನ್ನೊಬ್ಬರು ಕೇಳಿದಾಗ ಮೇಡಂ ಬಾಯಿ ಬಿಡಲಿಲ್ಲ. ಬಾಗಿಲ ಬಳಿ ಕಡತ ಹಿಡಿದು ಕೂತಿದ್ದ ನಾನು ಎದ್ದು ನಿಂತು, "ನಾನು ಸಾರ್" ಎಂದೆ.

ಮೂರು ಗಂಟೆ ವಾದ ನಡೆಯಿತು. ಕೊನೆಗೆ ಮೇಡಂ ಹೇಳಿದಂತೆಯೇ ಆಯಿತು. ನಾಲ್ಕು ವರ್ಷಗಳ ಅಂಕಗಳನ್ನು ಇಳಿಸಲಾಯಿತು, ಸರಾಸರಿ ಐನೂರ ನಲವತ್ತಮೂರಕ್ಕೆ ಬಂದು ನಿಂತಿತು. ಈಗಾಗಲೇ ಸೇರಿದವರನ್ನು ಹೊರಗೆ ಹಾಕಬಾರದು, ಅನ್ಯಾಯವಾಗಿ ವಾಪಸಾದ ಅರವತ್ತಮೂರು ಜನರನ್ನು ಕ್ಷಮೆ ಕೇಳಿ ಕರೆಯಬೇಕು ಎಂದು ತೀರ್ಮಾನವಾಯಿತು. ನಿರ್ದೇಶಕರು ರಾಜೀನಾಮೆಯನ್ನು ತಾವೇ ಹರಿದರು. ಅರವತ್ತಮೂರು ಪತ್ರಗಳನ್ನೂ ಮೇಡಂ ಕೈಯಲ್ಲೇ ಬರೆದರು. ನಲವತ್ತೆಂಟು ಜನ ಬಂದು ಸೇರಿದರು. ಅವರಲ್ಲೊಬ್ಬರಾದ ನರ್ಸ್, "ನಾನು ದಡ್ಡಿ ಅಂತ ಮೂರು ವರ್ಷ ನಂಬ್ಕೊಂಡಿದ್ದೆ ಮೇಡಂ" ಎಂದು ಅತ್ತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಓದು ಮುಗಿಸಿ ನಾನು ಅದೇ ವಿಭಾಗದಲ್ಲಿ ಕೆಲಸಕ್ಕೆ ಉಳಿದೆ. ಇಂದು ನಮ್ಮ ಕೋಣೆಯ ಗೋಡೆಯ ಮೇಲೆ ಮೂವತ್ತೊಂದು ವರ್ಷಗಳ ಅಂಕದ ರೇಖೆಯಿದೆ. ಅದು ಅಲ್ಲೊಂದು ಇಲ್ಲೊಂದು ಕಡೆ ಕೂದಲೆಳೆಯಷ್ಟು ಬಾಗಿ, ಉಳಿದಂತೆ ನೇರವಾಗಿ ಸಾಗಿದೆ. ಹೊರಗಿನವರಿಗೆ ಅದರಲ್ಲಿ ನೋಡಲು ಏನೂ ಇಲ್ಲ. ಆ ನೇರದ ಹಿಂದೆ ಎಷ್ಟು ಧೈರ್ಯವಿದೆ ಎಂದು ಬಲ್ಲ ನನಗೆ ಅದರ ಮುಂದೆ ನಿಂತಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಕಳೆದ ತಿಂಗಳು ವಿಭಾಗದ ಹೊಣೆಯನ್ನೂ ಹಳೆಯ ಕಡತಗಳ ಕಪಾಟಿನ ಬೀಗದ ಕೈಯನ್ನೂ ಮೇಡಂ ನನಗೆ ಒಪ್ಪಿಸಿದರು. ಇಷ್ಟು ವರ್ಷ ಕೇಳಲು ಧೈರ್ಯ ಬಾರದಿದ್ದುದನ್ನು ಅಂದೇ ಹುಡುಕಿದೆ: ತಿದ್ದಿದ ಮೇಲೆ ನನ್ನ ಅಂಕ ಎಷ್ಟು? ಆರುನೂರ ಹನ್ನೊಂದು. ಅದೇ ತಿದ್ದಿದ ಲೆಕ್ಕದಲ್ಲಿ ಆ ವರ್ಷ ಪ್ರವೇಶಕ್ಕೆ ಬೇಕಿದ್ದುದಕ್ಕಿಂತ ಹನ್ನೊಂದು ಕಡಿಮೆ. ನಾನು ಓದಿದ ಸೀಟು ನನ್ನದಾಗಿರಲಿಲ್ಲ. ಹಾಳೆಯ ಮೇಲಿನ ಬರಹ ಮೇಡಂ ಅವರದು, ತಾರೀಖು ಹತ್ತೊಂಬತ್ತು ವರ್ಷದ ಹಿಂದಿನದು.

ಹಾಳೆ ಹಿಡಿದು ಅವರ ಮುಂದೆ ನಿಂತೆ. "ಗೊತ್ತಿದ್ದೂ ಯಾಕೆ ಹೇಳಲಿಲ್ಲ ಮೇಡಂ?"

"ಹೇಳಿದ್ರೆ ನೀನು ಬಿಟ್ಟು ಹೋಗ್ತಿದ್ದೆ" ಎಂದರು, ಕನ್ನಡಕ ಒರೆಸುತ್ತಾ. "ಆಮೇಲಿಂದ ನೀನು ಮಾಡಿದ ಪ್ರತಿ ಲೆಕ್ಕಾನೂ ನಾನು ಮತ್ತೆ ಮಾಡಿ ನೋಡಿದೀನಿ ಕಣೋ. ಒಂದೂ ಉರು ಹೊಡೆದದ್ದಲ್ಲ."

ಇಂಥವರಿಗೆ ದೀರ್ಘಾಯುಸ್ಸು ಕೋರುವಾಗ ನನ್ನದೂ ಒಂದು ಸ್ವಾರ್ಥವಿದೆ ಎಂದು ಒಪ್ಪಿಕೊಳ್ಳುತ್ತೇನೆ. ಅವರು ಆರೋಗ್ಯದಿಂದಿರಲಿ, ಅಂಕಗಳ ಅಳತೆಯ ಬಗ್ಗೆ ಬರೆಯುತ್ತಾ ಅರ್ಧಕ್ಕೆ ನಿಲ್ಲಿಸಿದ ತಮ್ಮ ಪುಸ್ತಕವನ್ನು ಮುಗಿಸಲಿ. ಫಲಿತಾಂಶದ ಹಿಂದಿನ ವಾರ ವರ್ಷವರ್ಷವೂ ಬಂದು ನನ್ನ ಲೆಕ್ಕವನ್ನು ಮತ್ತೊಮ್ಮೆ ಮಾಡಿ ನೋಡಲಿ.