ಬಾಗಿಲಿಗೆ ಹಚ್ಚಿದ ಗುಂಡಕ್ಷರ

ಯಾರನ್ನು ಕುರಿತು ಗೋಡೆಯ ಮೇಲೆ ಬರೆಸುತ್ತೀರೋ, ಅವರ ಎದುರು ನಿಂತು ಆ ಸಾಲನ್ನು ಬಾಯಿಬಿಟ್ಟು ಓದಬಲ್ಲಿರಾ? ನನ್ನಿಂದ ಆಗಲಿಲ್ಲ.

ಮೂವತ್ತರ ದಶಕದ ಕೊನೆಯಲ್ಲಿ ನಾನು ಧಾರವಾಡದ ಕಾಲೇಜು ಮುಗಿಸಿ, ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಮಾತಿನ ಬಲವೊಂದನ್ನೇ ನಂಬಿ, ಸವಣೂರಿನಲ್ಲಿ ವಯಸ್ಕರಿಗೆಂದು ಸಂಜೆಯ ಶಾಲೆ ತೆರೆದೆ. ಅದಕ್ಕೆ ಭಿತ್ತಿಪತ್ರ ಬೇಕಾಗಿತ್ತು. ಮುದ್ರಣಾಲಯದ ಸೀಸದ ಅಕ್ಷರಗಳು ಸಣ್ಣವು. ಗೆರೆ ಒಂದೆಡೆ ದಪ್ಪ, ಇನ್ನೊಂದೆಡೆ ಕೂದಲೆಳೆ. ಸಂತೆಯ ಗದ್ದಲದಲ್ಲಿ ಅವು ಕಣ್ಣಿಗೆ ಬೀಳುವಂಥವಲ್ಲ. ಸೀರೆಗೆ ಒತ್ತುವ ಮರದ ಅಚ್ಚು ಕೊರೆಯುತ್ತಿದ್ದ ಮುದುಕರೊಬ್ಬರ ಬಳಿಗೆ ಹೋಗಿ, ನಾಲ್ಕು ಬೆರಳೆತ್ತರದ ಬಿಡಿ ಅಕ್ಷರಗಳನ್ನು ಸಾಗವಾನಿಯಲ್ಲಿ ಕೊರೆದುಕೊಡಲು ಕೇಳಿದೆ. ಗೆರೆ ಎಲ್ಲೆಡೆಯೂ ಕಿರುಬೆರಳಷ್ಟು ದಪ್ಪವಿರಬೇಕೆಂದೆ.

"ತುದಿ ಚೂಪ ಬ್ಯಾಡ್ರಿ ಮಾಸ್ತರ, ಒತ್ತಿದಾಗ ಮುರೀತಾವು. ಗುಂಡಗ ಮಾಡ್ತೇನಿ," ಎಂದರು. ದಪ್ಪ ಗೆರೆಗಳ ನಡುವಿನ ಸಂದು ಮಸಿಯಿಂದ ಮುಚ್ಚಿಹೋಗದಂತೆ ಪ್ರತಿ ಅಕ್ಷರದ ಹೊಟ್ಟೆಯನ್ನು ತುಸು ಅಗಲಿಸಿದರು. "ಅದಕ್ಕೂ ಉಸಿರಾಡಾಕ ಜಾಗಾ ಬೇಕಲ್ರಿ."

ಅವರಿಗೆ ಓದು ಬಾರದು. ನಾನು ಬರೆದುಕೊಟ್ಟ ಕಾಗದವನ್ನು ಮರದ ಮೇಲೆ ಬೋರಲಾಗಿ ಅಂಟಿಸಿ, ಕನ್ನಡಿಯಲ್ಲಿ ಕಾಣುವಂತೆ ತಿರುವುಮುರುವಾಗಿ ಕೊರೆಯುತ್ತಿದ್ದರು. ಒಂದು ದಿನ ಕೇಳಿದರು: "ಇವನ್ನೆಲ್ಲಾ ಜೋಡಿಸಿದ್ರ ಏನಂತ ಆಗ್ತೈತ್ರಿ?"

"ಒಳ್ಳೆಯ ಮಾತು," ಎಂದೆ.

ಆ ಮಾತು ಇದು: ಹೆಬ್ಬೆಟ್ಟು ಒತ್ತುವವನು ಊರಿಗೆ ಅವಮಾನ.

ಮುದ್ರಣ ಮುಗಿದೊಡನೆ ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರಿಗೆ ಕಟ್ಟುಗಳನ್ನು ಕಳಿಸಿದೆ. ಒಂದು ಹಾಳೆಯನ್ನು ಆ ಮುದುಕರು ಕೇಳಿ ಪಡೆದರು. ಅದರಲ್ಲಿ ಏನಿದೆಯೆಂದು ಓದಿ ಹೇಳದೆ, ಸುರುಳಿ ಸುತ್ತಿ ಕೊಟ್ಟೆ.

ಮರುದಿನ ಅದು ಅವರ ಅಂಗಡಿಯ ಬಾಗಿಲ ಮೇಲಿತ್ತು. ನಾನು ಆ ದಾರಿಯಲ್ಲಿ ಬಂದಾಗ ಎದುರಿನ ಎಲೆ ಅಂಗಡಿಯವನು ನಗುತ್ತಿದ್ದ.

"ಚಾಚಾ, ತಾನ ಕೊರದು ತಾನ ಬೈಸ್ಕೊಂಡಾವ ನೀನೊಬ್ಬನ ನೋಡು!"

"ಯಾಕೋ, ಏನಂತ ಐತಿ?"

ಅವನು ಗಟ್ಟಿಯಾಗಿ ಓದಿದ. ಮುದುಕರು ನನ್ನತ್ತ ತಿರುಗಿದರು. ಯಾವುದೇ ವಿಷಯದ ಎರಡೂ ಪಕ್ಷಗಳನ್ನು ಮಂಡಿಸಬಲ್ಲೆನೆಂದು ಬೀಗುತ್ತಿದ್ದ ನಾನು ಹಾಳೆ ಕೀಳಲು ಕೈ ಹಾಕಿದೆ.

"ಹರೀಬ್ಯಾಡ್ರಿ," ಎಂದರು. "ಅಕ್ಷರ ನನ್ನವು. ಮಾತಷ್ಟ ನಿಮ್ದು."

ಮಳೆಗಾಲದವರೆಗೂ ಅದು ಅಲ್ಲಿಯೇ ಇತ್ತು. ಅವರು ಶಾಲೆಗೆ ಬರಲಿಲ್ಲ. ಕರೆಯಲು ನನಗೆ ಮುಖವಿರಲಿಲ್ಲ. ಮುಂದೆ ಅವೇ ಗುಂಡಕ್ಷರಗಳಲ್ಲಿ ಸಿಡುಬಿನ ಲಸಿಕೆಯ ಸೂಚನೆ, ನಾಟಕದ ಜಾಹೀರಾತು, ಬಟ್ಟೆ ಅಂಗಡಿಯ ಪ್ರಕಟಣೆಗಳೆಲ್ಲ ಅಚ್ಚಾದವು. ಹತ್ತು ವರ್ಷ ಕಳೆದರೂ ಒಂದು ಅಂಚು ಮುಕ್ಕಾಗಲಿಲ್ಲ. ದೂರದಿಂದಲೇ ಓದಲಿಕ್ಕಾಗುತ್ತಿತ್ತು; ಓದಿದಾಗಲೆಲ್ಲ ನಾನು ರಸ್ತೆಯ ಆಚೆ ಬದಿಗೆ ದಾಟುತ್ತಿದ್ದೆ.

ಓದು ಬಾರದವರು ಒಂದು ಹಾಳೆ ಹಿಡಿದು, ಇದರಲ್ಲಿ ಏನಿದೆ ಎಂದು ನಿಮ್ಮನ್ನು ಕೇಳಿದರೆ, ದಯವಿಟ್ಟು ಇದ್ದದ್ದನ್ನು ಇದ್ದಂತೆಯೇ ಓದಿ ಹೇಳಿ.