ಹೆಂಚಿನಾಚೆ ಹೋದ ತಲೆ

ಹದಿನಾರು ತುಂಬುವ ಹೊತ್ತಿಗೆ ನಾನು ಐದಡಿ ಒಂಬತ್ತು ಅಂಗುಲ ಬೆಳೆದಿದ್ದೆ. ಗಂಡಾಗಿದ್ದರೆ ಪೊಲೀಸ್ ಕೆಲಸಕ್ಕೆ ಕಳಿಸುತ್ತಿದ್ದರು. ಹೆಣ್ಣಾಗಿದ್ದರಿಂದ ಗೌರಿಬಿದನೂರಿನ ನಮ್ಮ ಬೀದಿಯವರು ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆ ಇಳಿಸಲು ನನ್ನನ್ನು ಕರೆಯುತ್ತಿದ್ದರು. ಪಾತ್ರೆ ಕೈಗೆ ಬಂದ ಮೇಲೆ, ಪಾಪ, ಇವಳಿಗೆ ಗಂಡು ಎಲ್ಲಿಂದ ಹುಡುಕಿ ತರುತ್ತಾರೋ ಎಂದು ನನ್ನೆದುರಿಗೇ ಮರುಗುತ್ತಿದ್ದರು. ಕೆಲಸ ಮಾಡಿಸಿಕೊಂಡವರಿಗೆ ಅಷ್ಟು ಹಕ್ಕು ಇರಬೇಕಲ್ಲ.

ನನ್ನನ್ನು ನಾನೇ ಗೇಲಿ ಮಾಡಿಕೊಳ್ಳುವುದನ್ನು ಮೊದಲು ಕಲಿತದ್ದು ಸಿನಿಮಾ ಟೆಂಟಿನಲ್ಲಿ. ಬೇಸಿಗೆ ಬಂತೆಂದರೆ ಊರಾಚೆಯ ಬಯಲಿಗೆ ಟೂರಿಂಗ್ ಟಾಕೀಸ್ ಬರುತ್ತಿತ್ತು. ಹೆಂಗಸರ ಕಡೆ ನೆಲದ ಮೇಲೆ ಕೂರಬೇಕು. ನಾನೆಲ್ಲಿ ಕೂತರೂ ಹಿಂದಿನವರು ಗೊಣಗುತ್ತಿದ್ದುದರಿಂದ ಕೊನೆಯ ಸಾಲು ನನಗೇ ಮೀಸಲು. ತೆಲುಗೋ ತಮಿಳೋ ಕನ್ನಡವೋ, ಯಾವ ಚಿತ್ರವಾದರೂ ಅದರಲ್ಲೊಬ್ಬ ಹಾಸ್ಯಗಾರ ಇರುತ್ತಿದ್ದ. ಒಂದು ಚಿತ್ರದಲ್ಲಿ ಅವನು ಬಲು ಉದ್ದ. ಬಾಗಿಲು ಬಂದಾಗಲೆಲ್ಲ ಹಣೆ ಬಡಿಸಿಕೊಂಡು, ಬಾಗಿಲಿಗೇ ಕೈಮುಗಿದು ಕ್ಷಮೆ ಕೇಳುತ್ತಿದ್ದ. ಟೆಂಟಿಗೆ ಟೆಂಟೇ ನಗುತ್ತಿತ್ತು. ಅಕ್ಕಪಕ್ಕದ ಹೆಂಗಸರು ನನ್ನ ಕಡೆ ತಿರುಗುತ್ತಾರೆ ಎನ್ನುವಷ್ಟರಲ್ಲಿ ನಾನು ಎಲ್ಲರಿಗಿಂತ ಜೋರಾಗಿ ನಕ್ಕುಬಿಟ್ಟೆ. ತಿರುಗಿದವರು ಸುಮ್ಮನೆ ಪರದೆಯ ಕಡೆಗೇ ಮುಖ ಮಾಡಿದರು. ಇದು ಒಳ್ಳೆಯ ಉಪಾಯವಾಯಿತಲ್ಲ ಎನ್ನಿಸಿತು.

ಎರಡನೆಯ ಪಾಠ ಪತ್ರಿಕೆಗಳಲ್ಲಿ ಸಿಕ್ಕಿತು. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ವಾಚನಾಲಯದಲ್ಲಿ ಎಲ್ಲರೂ ಓದಿ ಮುಗಿಸಿದ ಮಾಸಪತ್ರಿಕೆಗಳನ್ನು ಮನೆಗೆ ತರುತ್ತಿದ್ದರು. ನಾನು ಮೊದಲು ತೆರೆಯುತ್ತಿದ್ದದ್ದು ಹರಟೆಯ ಪುಟ. ಹರಟೆ ಬರೆಯುವವರೆಲ್ಲ ತಮ್ಮ ಬೋಳುತಲೆ, ತಮ್ಮ ಮರೆವು, ತಮ್ಮ ಹರಕು ಕೊಡೆ ಇವುಗಳನ್ನೇ ಎತ್ತಿಕೊಂಡು ಎಷ್ಟು ಚೆನ್ನಾಗಿ ತಮ್ಮನ್ನು ತಾವು ಹೀಯಾಳಿಸಿಕೊಳ್ಳುತ್ತಿದ್ದರು! ನಾನೂ ಹಾಗೇ ಮಾತಾಡುವುದನ್ನು ಅಭ್ಯಾಸ ಮಾಡಿಕೊಂಡೆ. ಅವರೆಲ್ಲ ಕೆಲಸವಿದ್ದ, ಹೆಂಡತಿಯಿದ್ದ, ಊಟಕ್ಕೆ ಕೂತರೆ ಬಡಿಸುವವರಿದ್ದ ಗಂಡಸರು ಎಂಬುದು ಆಗ ಹೊಳೆಯಲಿಲ್ಲ. ಬೋಳುತಲೆಯವರಿಗೆ ಬೋಳುತಲೆಯಿಂದ ಯಾವ ನಷ್ಟವೂ ಆಗಿರಲಿಲ್ಲ. ಟೆಂಟಿನ ಆ ಉದ್ದನೆಯವನಿಗೂ ಕೊನೆಯಲ್ಲಿ ಒಬ್ಬ ಕುಳ್ಳಿಯ ಜೊತೆ ಮದುವೆ ಮಾಡಿಸಿ ಜನರನ್ನು ನಗಿಸಿದರೇ ಹೊರತು, ಅವನಿಗೆ ಅವಳು ಇಷ್ಟವಾದಳೇ ಎಂದು ಯಾರೂ ಕೇಳಿರಲಿಲ್ಲ. ಇದನ್ನೂ ನಾನು ಯೋಚಿಸಿದ್ದು ಬಹಳ ತಡವಾಗಿ.

ಟ್ರೈನಿಂಗ್ ಮುಗಿಸಿ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಮೇಡಂ ಆದ ಮೇಲೆ ಗಂಡಿನವರು ನೋಡಲು ಬರತೊಡಗಿದರು. ನಮ್ಮಮ್ಮ ಹಿಂದೂಪುರದ ಕಡೆಯವಳು, ಲೆಕ್ಕಾಚಾರದ ಹೆಂಗಸು. ಬಂದವರು ಒಳಗೆ ಕಾಲಿಡುವ ಮೊದಲೇ ನನ್ನನ್ನು ನಡುಮನೆಯ ಚಾಪೆಯ ಮೇಲೆ ಕೂರಿಸಿಬಿಡುತ್ತಿದ್ದಳು. ಕೂತರೆ ನಾನೂ ಎಲ್ಲರಂತೆಯೇ. ಆದರೆ ಬಂದವರೇನು ದಡ್ಡರೇ? ಐದು ನಿಮಿಷವಾಗುತ್ತಲೇ ಹುಡುಗಿಯೇ ಕಾಫಿ ತರಲಿ ಎನ್ನುತ್ತಿದ್ದರು. ನಾನು ಏಳುತ್ತಿದ್ದೆ. ಏಳುತ್ತಲೇ ಇರುತ್ತಿದ್ದೆ. ಅವರ ಕಣ್ಣುಗಳೂ ಮೇಲೇರಿ ಮೇಲೇರಿ ಕೊನೆಗೆ ಒಂದು ಕಡೆ ನಿಲ್ಲುತ್ತಿದ್ದವು. ವಾರದ ನಂತರ ಜಾತಕ ಕೂಡಲಿಲ್ಲ ಎಂಬ ಕಾಗದ ಬರುತ್ತಿತ್ತು.

ಕಾಗದ ಬಂದ ದಿನ ನಾನೊಂದು ಚಿತ್ರ ಬರೆಯುತ್ತಿದ್ದೆ. ಗೆರೆಯಿಲ್ಲದ ಒಂದು ಪುಸ್ತಕಕ್ಕೆ ಕಂದು ಕಾಗದದ ರಟ್ಟು ಹಾಕಿ ಅದಕ್ಕೆಂದೇ ಇಟ್ಟುಕೊಂಡಿದ್ದೆ. ಬಂದವರು ಸಾಲಾಗಿ ಕೂತಿರುವುದು, ವರನ ಚಿಕ್ಕಪ್ಪ ಉಪ್ಪಿಟ್ಟಿನ ಗೋಡಂಬಿಯನ್ನು ಹುಡುಕಿ ತಿನ್ನುತ್ತಿರುವುದು, ನಡುವೆ ನಾನು ಕಾಫಿ ಹಿಡಿದು ನಿಂತಿರುವುದು. ನನ್ನ ಸೀರೆ ಮೇಲೇರಿ, ಕುತ್ತಿಗೆ ಮೇಲೇರಿ, ತಲೆ ಹೆಂಚು ಒಡೆದುಕೊಂಡು ಸೂರಿನಾಚೆ ಹೋಗಿರುತ್ತಿತ್ತು. ಕೆಳಗೆ ಒಂದು ಸಾಲು: 'ವರನಿಗೆ ಕುತ್ತಿಗೆ ಹಿಡಿದುಕೊಂಡಿದೆ, ಎಣ್ಣೆ ತರಿಸಿ.' ತಂಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಮ್ಮ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಅಪ್ಪ ಜಗಲಿಯ ಮೇಲೆ ಕೂತು ನಮ್ಮ ನಗುವನ್ನು ಕೇಳುತ್ತಿದ್ದರು, ಒಳಗೆ ಬಂದು ಪುಸ್ತಕ ನೋಡುತ್ತಿರಲಿಲ್ಲ. ಹೀಗೆ ಆರು ಚಿತ್ರಗಳಾದವು.

ಏಳನೆಯವರು ಶಿಡ್ಲಘಟ್ಟದಿಂದ ಬರುತ್ತಾರೆ ಎಂದಾಗ ಮನೆಯಲ್ಲಿ ನಗು ಕಡಿಮೆಯಾಗಿತ್ತು. ಕಾರಣ ನನ್ನ ತಂಗಿ. ಚಿಂತಾಮಣಿಯ ಸೋದರತ್ತೆಯ ಮಗನಿಗೂ ಅವಳಿಗೂ ಮದುವೆಯೆಂದು ಮಾತಾಗಿತ್ತು. ಅವರಿಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಮನಸ್ಸಿತ್ತು. ಆದರೆ ಅಕ್ಕ ಮನೆಯಲ್ಲಿರುವಾಗ ತಂಗಿಗೆ ಧಾರೆ ಎರೆಯುವ ಪದ್ಧತಿ ನಮ್ಮಲ್ಲಿಲ್ಲ. ವೈಶಾಖದವರೆಗೆ ಕಾಯುತ್ತೇವೆ, ಆಮೇಲೆ ನಮ್ಮನ್ನು ತಪ್ಪು ತಿಳಿಯಬೇಡಿ ಎಂದು ಅತ್ತೆ ಬರೆದಿದ್ದರು. ಈ ಸಲ ನಾನು ಒಪ್ಪಿಗೆಯಾಗದಿದ್ದರೆ ತಂಗಿಯ ಮದುವೆಯೂ ಮುರಿಯುತ್ತಿತ್ತು. ಅವಳು ನನ್ನನ್ನು ಒಮ್ಮೆಯೂ ದೂರಲಿಲ್ಲ. ಅದನ್ನೇ ನನಗೆ ತಡೆಯಲಾಗುತ್ತಿರಲಿಲ್ಲ.

ಆ ಕಾಲದಲ್ಲಿ ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿಯ ಕೈಕೆಲಸವನ್ನೆಲ್ಲ ಜೋಡಿಸಿಡಬೇಕಿತ್ತು. ಅಮ್ಮ ಬೆಳಿಗ್ಗೆಯೇ ಮೇಜಿನ ಮೇಲೆ ಕ್ರೋಶಾದ ಹಾಸು ಹಾಕಿ, ಹಂಸದ ಕಸೂತಿಯ ದಿಂಬಿನ ಚೀಲ, ವೈರಿನ ಬುಟ್ಟಿ, ಮಣಿ ಪೋಣಿಸಿದ ಬೀಸಣಿಗೆ ಎಲ್ಲ ಇಟ್ಟಳು. ಜೊತೆಗೆ ಇಡಬೇಕಿದ್ದದ್ದು ನನ್ನ ಡ್ರಾಯಿಂಗ್ ಪುಸ್ತಕ. ಅದರಲ್ಲಿ ಗುಲಾಬಿ, ಗಿಳಿ, ಕೊಳಲೂದುವ ಕೃಷ್ಣ ಇದ್ದರು. ಅದಕ್ಕೂ ಕಂದು ಕಾಗದದ ರಟ್ಟೇ ಇತ್ತು. ಅವಸರದಲ್ಲಿ ಅಮ್ಮ ಕೈಗೆ ಸಿಕ್ಕ ಪುಸ್ತಕ ಇಟ್ಟಿದ್ದಳು. ಚಾಪೆಯ ಮೇಲೆ ತಲೆ ಬಗ್ಗಿಸಿ ಕೂತಿದ್ದ ನಾನು ಮೇಜಿನ ಕಡೆ ನೋಡಿರಲಿಲ್ಲ.

ಬಂದದ್ದು ಮೂವರು: ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದ ಹುಡುಗ, ಅವನ ತಾಯಿ, ಸೋದರಮಾವ. ಹುಡುಗ ನನಗಿಂತ ಒಂದೆರಡು ಅಂಗುಲ ಗಿಡ್ಡ ಇದ್ದಿರಬಹುದು. ಮಾವನವರು ಕೇಸರಿಬಾತು ಮುಗಿಸಿ, ಕೈ ಒರೆಸಿಕೊಂಡು, ಗಿಳಿ ನೋಡೋಣವೆಂದು ಪುಸ್ತಕ ತೆಗೆದರು. ಒಂದು ಪುಟ ನೋಡಿದರು. ಇನ್ನೊಂದು ಮಗುಚಿದರು. ಆಮೇಲೆ ಗಹಗಹಿಸಿ ನಕ್ಕು, ಕುತ್ತಿಗೆಗೆ ಎಣ್ಣೆ ತರಿಸುವ ಸಾಲನ್ನು ಎಲ್ಲರಿಗೂ ಕೇಳುವಂತೆ ಓದಿದರು.

ಮೇಜಿನ ಮೇಲಿದ್ದದ್ದು ಗಿಳಿಯ ಪುಸ್ತಕವಲ್ಲ ಎಂದು ನನಗೆ ತಿಳಿದದ್ದು ಆಗಲೇ. ಅಡುಗೆಮನೆಯ ಬಾಗಿಲಲ್ಲಿ ಅಮ್ಮ, "ಎಂತ ಪನಿ ಚೇಸ್ತಿನೇ", ಎಂಥ ಕೆಲಸ ಮಾಡಿಬಿಟ್ಟೆನೇ ಎಂದು ತನ್ನಷ್ಟಕ್ಕೇ ತೆಲುಗಿನಲ್ಲಿ ಹಲುಬಿದ್ದು ಕೇಳಿಸಿತು. ಅವಳ ಹಿಂದೆ ನಿಂತಿದ್ದ ತಂಗಿಯ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಪುಸ್ತಕ ಮಾವನಿಂದ ಹುಡುಗನಿಗೆ ಹೋಯಿತು. ಅವನು ಕಿವಿ ಕೆಂಪಗೆ ಮಾಡಿಕೊಂಡು ತಾಯಿಗೆ ದಾಟಿಸಿದ. ಆಕೆ ಅವಸರವಿಲ್ಲದೆ ಒಂದೊಂದೇ ಪುಟ ನೋಡಿದರು. ಗೋಡಂಬಿಯ ಚಿಕ್ಕಪ್ಪನನ್ನು ಕಂಡು ಸಣ್ಣಗೆ ನಕ್ಕರು. ಆರೂ ಚಿತ್ರ ನೋಡಿ, ಮತ್ತೆ ಮೊದಲಿಂದ ಮಗುಚಿ, ನನ್ನ ಕಡೆ ತಿರುಗಿದರು.

"ಎಲ್ಲರ ಮುಖಾನೂ ಎಷ್ಟು ಚೆನ್ನಾಗಿ ಬರ್ದಿದ್ದೀಯ. ನಿನ್ನ ಮುಖ ಒಂದ್ರಲ್ಲೂ ಇಲ್ವಲ್ಲಮ್ಮ," ಎಂದರು.

ಅದು ನಿಜ. ಆರು ಚಿತ್ರಗಳಲ್ಲೂ ನನ್ನ ತಲೆ ಹೆಂಚಿನಾಚೆಯೇ ಇತ್ತು. ಆಕೆ ಹೇಳುವವರೆಗೆ ನನಗೇ ಅದು ಕಂಡಿರಲಿಲ್ಲ. ಆದರೆ ಅಭ್ಯಾಸಬಲ ನೋಡಿ, ನಾಲಿಗೆಯ ಮೇಲೆ ತಮಾಷೆ ಸಿದ್ಧವಾಗಿಯೇ ಇತ್ತು. "ಕಾಗದ ಸಾಲ್ಲಿಲ್ಲ ಅಮ್ಮ," ಎಂದೆ. ಮಾವ ಮತ್ತೆ ಜೋರಾಗಿ ನಕ್ಕರು. ಹುಡುಗನೂ ನಕ್ಕ. ಆಕೆ ನಗಲಿಲ್ಲ. ನಾನು ಬೇರೆ ಏನೋ ಹೇಳುತ್ತೇನೆಂದು ಕಾಯುವವರಂತೆ ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಕನಿಕರವಿರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ನನ್ನಲ್ಲಿ ಬೇರೆ ಮಾತೇ ಇಲ್ಲ ಎಂದು ಗೊತ್ತಾದಾಗ ಕಣ್ಣಲ್ಲಿ ನೀರು ಬಂತು. ಆರು ಸಲ ಬಾರದ ನೀರು ಏಳನೆಯ ಸಲ ಎಲ್ಲರೆದುರು ಬಂದುಬಿಟ್ಟಿತು.

ಅವರು ಹೋದ ಮೇಲೆ ಅಪ್ಪ ಕನ್ನಡಕ ಹಾಕಿಕೊಂಡು ಆ ಪುಸ್ತಕ ಹಿಡಿದು ಕೂತರು. ಮೊದಲ ಸಲ ನೋಡುತ್ತಿದ್ದರು. ಅಮ್ಮ ತನ್ನ ತಪ್ಪಿಗೆ ತಾನೇ ಅಳುತ್ತಿದ್ದಳು. ಅಪ್ಪ ಬೈಯುತ್ತಾರೆಂದು ನಾನು ಕಾದೆ. ಅವರು ಪುಸ್ತಕ ಮುಚ್ಚಿ, ನನ್ನ ಕಡೆ ನೋಡದೆಯೇ ಮಾತಾಡಿದರು.

"ಪ್ರತಿಸಲಾನೂ ಒಳಗಿಂದ ನೀನು ನಗೋದು ಕೇಳಿಸ್ತಿತ್ತು ಕಣಮ್ಮ. ನಿಂಗೇನೂ ಅನ್ನಿಸ್ಲಿಲ್ಲ ಅಂದ್ಕೊಂಡು, ನಾನು ಮಾರನೇ ದಿನಾನೇ ಇನ್ನೊಬ್ರಿಗೆ ಕಾಗದ ಬರೀತಿದ್ದೆ."

ನನಗೆ ನೆಲ ಬಿರಿದು ನುಂಗಬಾರದೆ ಎನ್ನಿಸಿತು. ನೋವಾಗದಿರಲೆಂದು ನಾನು ಮಾಡಿದ ತಮಾಷೆ, ಇನ್ನೂ ಆರು ಜನರನ್ನು ಮನೆಗೆ ಕರೆಸಲು ಅಪ್ಪನಿಗೆ ಧೈರ್ಯ ಕೊಟ್ಟಿತ್ತು. ಅವರನ್ನು ಹೇಗೆ ದೂರಲಿ? ನಗುವವಳಿಗೆ ನೋವಾಗಿದೆಯೆಂದು ಅವರಿಗೆ ತಿಳಿಯುವುದಾದರೂ ಹೇಗೆ?

ಶಿಡ್ಲಘಟ್ಟದಿಂದ ಹುಡುಗನ ಸೋದರಮಾವನ ಕಾಗದ ಬಂತು. ಈ ಸಲ ಜಾತಕದ ಮಾತಿರಲಿಲ್ಲ. ಹಿರಿಯರನ್ನು ಹೀಗೆ ಬರೆದು ನಗುವ ಹುಡುಗಿ ತಮ್ಮ ಮನೆತನಕ್ಕೆ ಹೊಂದುವುದಿಲ್ಲವೆಂದು ನೇರವಾಗಿಯೇ ಬರೆದಿದ್ದರು. ಕಾಗದದಲ್ಲಿ ಆ ತಾಯಿಯ ಮಾತು ಒಂದೂ ಇರಲಿಲ್ಲ. ಅವರನ್ನು ಯಾರು ಕೇಳಿದ್ದರೋ ಇಲ್ಲವೋ. ಅಪ್ಪ ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು ಮಾರನೆಯ ದಿನ ರಜ ಹಾಕಿ ಬಸ್ಸು ಹತ್ತಿದರು. ಚಿಂತಾಮಣಿಗೆ ಹೋಗಿ ಅತ್ತೆಯ ಮುಂದೆ ಕೂತು, ಚಿಕ್ಕವಳ ಮದುವೆ ವೈಶಾಖದಲ್ಲೇ ಆಗಲಿ ಎಂದರಂತೆ. ದೊಡ್ಡವಳನ್ನು ಇಟ್ಟುಕೊಂಡು ಚಿಕ್ಕವಳಿಗೆ ಮಾಡಿದರೆ ಜನ ಏನಂದಾರು ಎಂದು ಅತ್ತೆ ಹೆದರಿದರಂತೆ. ಅನ್ನುವುದನ್ನೆಲ್ಲ ಅವರು ಆಗಲೇ ಅಂದು ಮುಗಿಸಿದ್ದಾರೆ ಎಂದು ಅಪ್ಪ ಹೇಳಿದರಂತೆ. ಕಚೇರಿಯಲ್ಲಿ ಮೇಲಿನವರೆದುರು ಬಾಯಿ ಬಿಡದ ಮನುಷ್ಯ ಅವರು.

ಮದುವೆ ನಮ್ಮೂರಿನ ಛತ್ರದಲ್ಲೇ ನಡೆಯಿತು. ನಾನು ಓಡಾಡಿ ಎಲ್ಲ ಕೆಲಸ ಮಾಡಿದೆ. ಮಂಟಪದ ಮೇಲೆ ಮಾವಿನೆಲೆ ಕಟ್ಟಲು ಏಣಿ ಬೇಕಾಗಲಿಲ್ಲ. ಧಾರೆಯಾದ ಮೇಲೆ, ದೂರದ ನೆಂಟರಾಕೆಯೊಬ್ಬರು ಹತ್ತು ಜನ ಹೆಂಗಸರ ನಡುವೆ ನನ್ನ ಕೈ ಹಿಡಿದು ನಿಲ್ಲಿಸಿದರು. ಚಿಕ್ಕವಳದಾಯಿತಲ್ಲ, ನಿನ್ನದು ಯಾಕೆ ಆಗಲಿಲ್ಲ ಎಂದು ಕೇಳಿದರು. ಎಲ್ಲರೂ ನನ್ನ ಬಾಯನ್ನೇ ನೋಡಿದರು. ನಾನು ಏನಾದರೂ ಹೇಳಿ ನಗಿಸುತ್ತೇನೆಂದು ಅವರಿಗೆ ಗೊತ್ತಿತ್ತು. ನನ್ನ ಅಳತೆಯ ಗಂಡು ಇನ್ನೂ ಬೆಳೆಯುತ್ತಿದ್ದಾನೆ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಅಷ್ಟರಲ್ಲಿ, ಚಂದನದ ಬಟ್ಟಲು ಹಿಡಿದು ಹೋಗುತ್ತಿದ್ದ ಅಪ್ಪ ಅಲ್ಲೇ ನಿಂತದ್ದು ಕಂಡಿತು. ಅವರೂ ಕೇಳಿಸಿಕೊಳ್ಳುತ್ತಿದ್ದರು.

"ನಂಗೆ ಒಪ್ಪಿಗೆ ಆಗೋಂಥೋರು ಇನ್ನೂ ಯಾರೂ ಬಂದಿಲ್ಲ," ಎಂದೆ.

ಯಾರೂ ನಗಲಿಲ್ಲ. ಆಕೆ ನನ್ನ ಕೈ ಬಿಟ್ಟರು. ಅಪ್ಪ ಬಟ್ಟಲನ್ನು ಎಡಗೈಗೆ ಬದಲಾಯಿಸಿಕೊಂಡು, ಹೆಂಗಸರ ನಡುವೆ ನುಗ್ಗಿ ಬಂದು, ಎಲ್ಲರಿಗಿಂತ ಮೊದಲು ನನ್ನ ಕೈಗೆ ಚಂದನ ಹಚ್ಚಿದರು.